ಕಾಂಟ್‌ನಿಂದ ಗೋಡೆಸ್‌ಬರ್ಗ್‌ವರೆಗೆ: ಜರ್ಮನ್ ತತ್ವಚಿಂತನೆಯಲ್ಲಿ ಸಮಾಜವಾದಕ್ಕೆ ಕೊಟ್ಟ ನೈತಿಕ ಕಾರಣಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಮಾತಿಗೆ ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಚಹಾ ಕುಡಿಯುವಾಗ ಕೇಳಿದವು, ಕೆಲವು ಪತ್ರದಲ್ಲಿ ಬಂದವು, ಕೆಲವು ಕಾಮೆಂಟಿನಲ್ಲಿ ಜಗಳದ ಧಾಟಿಯಲ್ಲೇ ಬಂದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆಕೆರೆಯುವಂಥವು ಆಮೇಲೆ. ಬೇಕಾದ ಕಡೆಯಿಂದ ಓದಬಹುದು.

## ಶುರುವಿನಲ್ಲಿ ಕೇಳುವವು

ಸಮಾಜವಾದ ಅಂದ್ರೆ ಅರ್ಥಶಾಸ್ತ್ರ ಅಲ್ವಾ? ಅದರಲ್ಲಿ ನೀತಿಗೆ ಏನು ಕೆಲಸ?

ಕನ್ನಡದಲ್ಲಿ ಇದನ್ನು ಎರಡೇ ಪದದಲ್ಲಿ ಹೇಳಬಹುದು: ‘ಆಗುತ್ತದೆ’ ಮತ್ತು ‘ಆಗಬೇಕು’. ಬಂಡವಾಳಶಾಹಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಆಮೇಲೆ ಸಮಾಜವಾದ ಬರುತ್ತದೆ ಅನ್ನುವುದು ‘ಆಗುತ್ತದೆ’ಯ ಮಾತು. ಸಮಾಜವಾದ ನ್ಯಾಯವಾದದ್ದು, ಅದಕ್ಕಾಗಿ ನಾವು ದುಡಿಯಬೇಕು ಅನ್ನುವುದು ‘ಆಗಬೇಕು’ವಿನ ಮಾತು. ಮೊದಲನೆಯದಕ್ಕೆ ಲೆಕ್ಕ, ಅಂಕಿಅಂಶ, ಚರಿತ್ರೆ ಸಾಕು. ಎರಡನೆಯದಕ್ಕೆ ಸಾಲದು.

ಜರ್ಮನಿಯಲ್ಲಿ ಈ ಎರಡು ಮಾತುಗಳ ನಡುವಿನ ಜಗಳ ನೂರು ವರ್ಷಕ್ಕೂ ಮೀರಿ ನಡೆಯಿತು. ಪ್ರೊಫೆಸರುಗಳು ಮಾತ್ರ ಆಡಿದ ಜಗಳವಲ್ಲ ಇದು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಎಂಬ ದೊಡ್ಡ ಕಾರ್ಮಿಕ ಪಕ್ಷ ಇದರಿಂದ ಒಳಗೊಳಗೇ ಬಿರುಕು ಬಿಟ್ಟಿತು. ತಲೆಬರಹದ ಗೋಡೆಸ್‌ಬರ್ಗ್, ಆ ಪಕ್ಷ 1959ರಲ್ಲಿ ತನ್ನ ಹೊಸ ಕಾರ್ಯಕ್ರಮವನ್ನು ಒಪ್ಪಿದ ಊರು.

ಕಾಂಟ್ ಹೇಳಿದ ಆ ಒಂದು ವಾಕ್ಯ ಯಾವುದು? ಎಲ್ಲರೂ ಅದನ್ನೇ ಹೇಳ್ತಾರೆ.

1785ರಲ್ಲಿ ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ ನೀತಿಯ ಬುನಾದಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಬರುವ ಮಾತಿನ ಸಾರ ಇದು: ನಿನ್ನಲ್ಲಿರುವ ಮನುಷ್ಯತ್ವವನ್ನಾಗಲಿ, ಬೇರೆಯವರಲ್ಲಿರುವ ಮನುಷ್ಯತ್ವವನ್ನಾಗಲಿ ಯಾವಾಗಲೂ ಗುರಿಯಾಗಿಯೂ ನೋಡು, ಎಂದೂ ಬರೀ ಸಾಧನವಾಗಿ ನೋಡಬೇಡ.

ಇದರಲ್ಲಿ ‘ಬರೀ’ ಅನ್ನುವ ಪದವನ್ನು ಬಿಟ್ಟು ಓದುವವರೇ ಜಾಸ್ತಿ. ಆಟೋ ಹತ್ತಿದಾಗ ಚಾಲಕ ನನಗೆ ಊರು ತಲುಪುವ ಸಾಧನವೇ. ಅದರಲ್ಲಿ ತಪ್ಪೇನೂ ಇಲ್ಲ. ಆತನಿಗೂ ಅವನದೇ ಬದುಕು, ಅವನದೇ ಗುರಿ ಇದೆ ಎನ್ನುವುದನ್ನು ಮರೆತರೆ ತಪ್ಪು. ಅದೇ ಪುಸ್ತಕದಲ್ಲಿ ಇನ್ನೊಂದು ಮಾತು ಬರುತ್ತದೆ: ಕೆಲವಕ್ಕೆ ಬೆಲೆ ಇರುತ್ತದೆ, ಕೆಲವಕ್ಕೆ ಘನತೆ ಇರುತ್ತದೆ. ಬೆಲೆ ಇರುವುದರ ಜಾಗದಲ್ಲಿ ಇನ್ನೊಂದನ್ನು ತಂದಿಡಬಹುದು. ಘನತೆ ಇರುವುದಕ್ಕೆ ಬದಲಿ ಇಲ್ಲ. ಸಮಾಜವಾದಿಗಳಿಗೆ ಈ ಎರಡನೇ ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ಕೂಲಿ ಅಂದರೆ ಮನುಷ್ಯನ ದುಡಿಮೆಗೆ ಕಟ್ಟುವ ಬೆಲೆ ತಾನೇ?

ಹಾಗಾದ್ರೆ ಕಾಂಟ್ ಸಮಾಜವಾದಿನಾ?

ಅಲ್ಲ. ಅವನ ಕಾಲದಲ್ಲಿ ಆ ಪದವೇ ಚಲಾವಣೆಯಲ್ಲಿ ಇರಲಿಲ್ಲ. ಖಾಸಗಿ ಆಸ್ತಿಯನ್ನು ಅವನು ಗಟ್ಟಿಯಾಗಿ ಸಮರ್ಥಿಸುತ್ತಾನೆ. ಇನ್ನೂ ಮುಜುಗರದ ವಿಷಯ 1797ರ ಅವನ ಕಾನೂನು ಸಿದ್ಧಾಂತದಲ್ಲಿದೆ. ಅಲ್ಲಿ ನಾಗರಿಕರನ್ನು ‘ಸಕ್ರಿಯ’, ‘ನಿಷ್ಕ್ರಿಯ’ ಎಂದು ಎರಡು ಪಂಗಡ ಮಾಡುತ್ತಾನೆ. ಇನ್ನೊಬ್ಬರ ಕೈಕೆಳಗೆ ದುಡಿದು ತಿನ್ನುವವರಿಗೆ ಮತ ಇಲ್ಲ. ಹೆಂಗಸರಿಗೂ ಇಲ್ಲ.

ಅವನು ಕೊಡುವ ಉದಾಹರಣೆಗಳಲ್ಲಿ ಒಬ್ಬ ನಮ್ಮವನು! ಸುತ್ತಿಗೆ, ಅಡಿಗಲ್ಲು, ತಿದಿ ಹೊತ್ತುಕೊಂಡು ಮನೆಮನೆಗೆ ಹೋಗಿ ಕಬ್ಬಿಣದ ಕೆಲಸ ಮಾಡಿಕೊಡುವ ಇಂಡಿಯಾದ ಕಮ್ಮಾರ. ಯುರೋಪಿನ ಕಮ್ಮಾರ ತಾನು ಮಾಡಿದ ವಸ್ತುವನ್ನು ಅಂಗಡಿಯಲ್ಲಿಟ್ಟು ಮಾರುತ್ತಾನೆ, ಹಾಗಾಗಿ ಅವನು ಸ್ವತಂತ್ರ. ಇಂಡಿಯಾದವನು ಕೈಕೆಲಸವನ್ನೇ ಮಾರುತ್ತಾನೆ, ಹಾಗಾಗಿ ಅವನು ನಿಷ್ಕ್ರಿಯ. ಹುಟ್ಟಿದ ಸೀಮೆಯಿಂದ ಹೊರಗೆ ಕಾಲಿಡದ ಮನುಷ್ಯ ನಮ್ಮ ಕಮ್ಮಾರನ ಬಗ್ಗೆ ತೀರ್ಪು ಕೊಟ್ಟಿದ್ದನ್ನು ಮೊದಲ ಸಲ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಆದರೆ ಆ ಪುಟದಲ್ಲಿ ಒಂದು ಒಳನೋಟವೂ ಅಡಗಿದೆ. ಹೊಟ್ಟೆಪಾಡಿಗೆ ಇನ್ನೊಬ್ಬರನ್ನೇ ನಂಬಿದವನು ಪೂರ್ತಿ ಸ್ವತಂತ್ರ ನಾಗರಿಕನಾಗಲಾರ ಎಂದು ಕಾಂಟ್‌ಗೆ ಗೊತ್ತಿತ್ತು. ಅವನು ಅಂಥವರ ಮತ ಕಿತ್ತುಕೊಂಡ. ಮುಂದೆ ಬಂದವರು, ಹಾಗಾದರೆ ಆ ಅವಲಂಬನೆಯನ್ನೇ ಕಿತ್ತುಹಾಕೋಣ ಎಂದರು.

ಕಾಂಟ್ ಆದ ತಕ್ಷಣ ಈ ದಾರಿ ಹಿಡಿದವರು ಯಾರು?

ಯೋಹಾನ್ ಗಾಟ್‌ಲೀಬ್ ಫಿಖ್ಟೆ. ರಿಬ್ಬನ್ ನೇಯುವವನ ಮಗ, ಬಡತನ ಉಂಡು ಬೆಳೆದವನು. 1796ರಲ್ಲಿ ಅವನು ಹೇಳಿದ್ದು ಸಣ್ಣ ಮಾತಲ್ಲ. ಆಸ್ತಿ ಅನ್ನುವುದು ಎಲ್ಲರೂ ಎಲ್ಲರೊಂದಿಗೆ ಮಾಡಿಕೊಂಡ ಒಪ್ಪಂದ. ನಿನ್ನ ಹೊಲವನ್ನು ನಾನು ಮುಟ್ಟುವುದಿಲ್ಲ, ಯಾಕೆಂದರೆ ನನಗೂ ದುಡಿದು ಬದುಕಲು ಏನೋ ಒಂದು ಇದೆ. ದುಡಿದರೂ ಒಬ್ಬನಿಗೆ ಬದುಕಲು ಆಗದಿದ್ದರೆ ಅವನ ಪಾಲಿಗೆ ಆ ಒಪ್ಪಂದ ಮುರಿದುಬಿತ್ತು. ಆಮೇಲೆ ಬೇರೆಯವರ ಆಸ್ತಿಯನ್ನು ಗೌರವಿಸುವ ಕರ್ತವ್ಯ ಅವನಿಗಿಲ್ಲ.

1800ರಲ್ಲಿ ಇದೇ ಯೋಚನೆಯನ್ನು ಹಿಗ್ಗಿಸಿ, ವ್ಯಾಪಾರಕ್ಕೆ ಬಾಗಿಲು ಮುಚ್ಚಿದ ಒಂದು ರಾಜ್ಯದ ನಕ್ಷೆ ಬರೆದ. ಯಾವ ಕಸುಬಿಗೆ ಎಷ್ಟು ಜನ, ಯಾವುದಕ್ಕೆ ಎಷ್ಟು ಬೆಲೆ ಎಲ್ಲವೂ ಸರ್ಕಾರದ ಕೈಯಲ್ಲಿ. ಓದುತ್ತಾ ಹೋದರೆ ಉಸಿರು ಕಟ್ಟುತ್ತದೆ. ಬುನಾದಿ ಗಟ್ಟಿ, ಮೇಲೆ ಕಟ್ಟಿದ್ದು ಸೆರೆಮನೆ.

ಹೆಗೆಲ್‌ನನ್ನೂ ಇಲ್ಲಿ ಮರೆಯಬಾರದು. ಸಮಾಜದಲ್ಲಿ ಸಂಪತ್ತು ಉಕ್ಕುತ್ತಿದ್ದರೂ ಬಡತನವನ್ನು ತಡೆಯುವಷ್ಟು ಅದರ ಬಳಿ ಇರುವುದಿಲ್ಲ ಎಂದು 1820ರ ಹೊತ್ತಿಗೇ ಅವನು ಬರೆದ. ಪರಿಹಾರ ಮಾತ್ರ ಹೇಳಲಿಲ್ಲ.

## ಮಾರ್ಕ್ಸ್ ಎಲ್ಲಿ ನಿಲ್ಲುತ್ತಾನೆ?

ನೀತಿ, ನ್ಯಾಯ ಅಂದ್ರೆ ಮಾರ್ಕ್ಸ್ ನಗ್ತಿದ್ದನಂತೆ. ನಿಜವಾ?

ಬಹುಮಟ್ಟಿಗೆ ನಿಜ, ಆದರೆ ಪೂರ್ತಿ ಅಲ್ಲ. 1844ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಇಪ್ಪತ್ತೈದರ ಆಸುಪಾಸಿನ ಮಾರ್ಕ್ಸ್ ಕಾಂಟ್‌ನ ಪದವನ್ನೇ ಎತ್ತಿಕೊಂಡ. ಮನುಷ್ಯನನ್ನು ಕೀಳಾಗಿಸುವ, ಗುಲಾಮನಾಗಿಸುವ, ದಿಕ್ಕಿಲ್ಲದವನಾಗಿಸುವ ಎಲ್ಲ ಸಂಬಂಧಗಳನ್ನೂ ಉರುಳಿಸುವುದು ‘ನಿರುಪಾಧಿಕ ಆದೇಶ’ ಎಂದ. ನಿರುಪಾಧಿಕ ಅಂದರೆ ‘ಒಂದು ವೇಳೆ’, ‘ಆದರೆ’ಗಳಿಲ್ಲದ್ದು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಧಾಟಿ ಬದಲಾಯಿತು. ಪ್ರೀತಿ, ಮನುಷ್ಯತ್ವ ಎಂದು ಭಾಷಣ ಮಾಡುತ್ತಿದ್ದ ಜರ್ಮನ್ ಸಮಾಜವಾದಿಗಳನ್ನು 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಅವನೂ ಅವನ ಗೆಳೆಯ ಏಂಗೆಲ್ಸನೂ ಗೇಲಿ ಮಾಡಿದರು. 1864ರದ್ದು ನನಗೆ ತುಂಬ ಇಷ್ಟವಾದ ಪ್ರಸಂಗ. ಅಂತರರಾಷ್ಟ್ರೀಯ ಕಾರ್ಮಿಕ ಸಂಘದ ನಿಯಮಾವಳಿ ಬರೆಯುವಾಗ ‘ಸತ್ಯ, ನ್ಯಾಯ, ನೀತಿ’ ಎನ್ನುವ ಪದಗಳನ್ನು ಸೇರಿಸಬೇಕಾಯಿತು. ಬೇರೆಯವರ ಒತ್ತಾಯಕ್ಕೆ ಸೇರಿಸಿದೆ, ಏನೂ ಹಾನಿಯಾಗದ ಜಾಗದಲ್ಲಿ ಇಟ್ಟಿದ್ದೇನೆ ಎಂದು ಏಂಗೆಲ್ಸ್‌ಗೆ ಪತ್ರ ಬರೆದ. ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಬಡಿಸಿದ ಹಾಗೆ!

ಆದರೂ ‘ಬಂಡವಾಳ’ ಎಂಬ ಅವನ ದೊಡ್ಡ ಪುಸ್ತಕದಲ್ಲಿ ಮಕ್ಕಳ ದುಡಿಮೆಯ ಬಗ್ಗೆ ಬರೆದ ಪುಟಗಳನ್ನು ಓದಿ. ಬಂಡವಾಳವನ್ನು ರಕ್ತ ಹೀರುವ ಪಿಶಾಚಿಗೆ ಹೋಲಿಸುತ್ತಾನೆ. ಬರೀ ವಿಜ್ಞಾನ ಬರೆಯುವವನಿಗೆ ಇಷ್ಟು ಸಿಟ್ಟು ಬರುವುದಿಲ್ಲ.

ಸಮಾಜವಾದ ಹೇಗೂ ಬಂದೇ ಬರುತ್ತೆ ಅಂದ್ಮೇಲೆ ‘ಮಾಡಬೇಕು’ ಅನ್ನೋ ಮಾತು ಯಾಕೆ?

ಸ್ಟಾಮ್ಲರ್ ಎಂಬ ಕಾನೂನು ಪಂಡಿತ 1896ರಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ಮಾರ್ಕ್ಸ್‌ವಾದಿಗಳನ್ನು ಕೆಣಕಿದ. ಚಂದ್ರಗ್ರಹಣ ಬರುತ್ತದೆ ಎಂದು ಗೊತ್ತಿದ್ದಾಗ ಅದನ್ನು ತರಿಸುವುದಕ್ಕೆ ಯಾರಾದರೂ ಪಕ್ಷ ಕಟ್ಟುತ್ತಾರಾ? ನೀವು ಪಕ್ಷ ಕಟ್ಟಿದ್ದೀರಿ. ಅಂದಮೇಲೆ ನಿಮ್ಮ ಒಳಗೆ ಎಲ್ಲೋ ‘ಆಗಬೇಕು’ ಕೂತಿದೆ.

ಚುರುಕಾದ ಮಾತು, ಆದರೆ ಪೂರ್ತಿ ನ್ಯಾಯದ್ದಲ್ಲ. ಗ್ರಹಣಕ್ಕೆ ಮನುಷ್ಯರ ಕೈ ಬೇಡ, ಕ್ರಾಂತಿಗೆ ಬೇಕು. ಜನ ಹೋರಾಡುವುದೂ ಕಾರಣಗಳ ಸರಪಳಿಯಲ್ಲಿ ಒಂದು ಕೊಂಡಿ ಎಂದು ಮಾರ್ಕ್ಸ್‌ವಾದಿಗಳು ಉತ್ತರ ಕೊಟ್ಟರು. ಅದು ಸರಿಯೇ.

ಇದಕ್ಕಿಂತ ಆಳದ ಪೆಟ್ಟು ಬಿದ್ದದ್ದು 1906ರಲ್ಲಿ. ಕೊಟ್ಟವನು ವಿಯೆನ್ನಾದ ತರುಣ ಮಾರ್ಕ್ಸ್‌ವಾದಿ ಒಟ್ಟೋ ಬೌಅರ್, ಅದೂ ಜರ್ಮನ್ ಪಕ್ಷದ ಸ್ವಂತ ಪತ್ರಿಕೆಯಲ್ಲಿ. ಅವನ ಉದಾಹರಣೆ ಒಬ್ಬ ನಿರುದ್ಯೋಗಿ. ಮನೆಯಲ್ಲಿ ಹಸಿವು. ಕಾರ್ಖಾನೆಯಲ್ಲಿ ಮುಷ್ಕರ ನಡೆಯುತ್ತಿದೆ. ಮುಷ್ಕರ ಮುರಿದು ಒಳಗೆ ಹೋದರೆ ಕೂಲಿ ಸಿಗುತ್ತದೆ. ಅವನು ಬಂದು ‘ನಾನೇನು ಮಾಡಲಿ?’ ಎಂದು ಕೇಳುತ್ತಾನೆ. ಕಾರ್ಮಿಕ ವರ್ಗ ಕೊನೆಗೆ ಗೆಲ್ಲುತ್ತದೆ ಎಂದರೆ ಅದು ಅವನ ಪ್ರಶ್ನೆಗೆ ಉತ್ತರವಲ್ಲ. ಗೆದ್ದೇ ಗೆಲ್ಲುತ್ತದೆ ಅಂದರೆ ನಾನೊಬ್ಬ ಒಳಗೆ ಹೋದರೆ ಏನು ನಷ್ಟ ಎಂದು ಅವನು ತಿರುಗಿ ಕೇಳಬಹುದು!

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಹೃದಯ ಇಲ್ಲಿದೆ. ಒಬ್ಬ ಮನುಷ್ಯ ತನ್ನ ಬಗ್ಗೆ ಕೇಳುವ ‘ಏನು ಮಾಡಲಿ’ ಎಂಬ ಪ್ರಶ್ನೆಗೆ ಭವಿಷ್ಯ ಹೇಳಿ ಉತ್ತರ ಕೊಡಲು ಬರುವುದಿಲ್ಲ. 1910ರಲ್ಲಿ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ರುಡಾಲ್ಫ್ ಹಿಲ್ಫರ್ಡಿಂಗ್ ಕೂಡ ಇದನ್ನೇ ಬೇರೆ ರೀತಿಯಲ್ಲಿ ಒಪ್ಪಿಕೊಂಡ: ಒಂದು ಅನಿವಾರ್ಯ ಎಂದು ತಿಳಿಯುವುದು ಬೇರೆ, ಅದರ ಸೇವೆಗೆ ನಿಲ್ಲುವುದು ಬೇರೆ.

## ಮಾರ್ಬುರ್ಗ್‌ನವರು

ಮಾರ್ಬುರ್ಗ್ ಮಾರ್ಬುರ್ಗ್ ಅಂತೀರಲ್ಲ, ಅಲ್ಲಿ ಯಾರಿದ್ದರು?

ಅದು ಹೆಸ್ಸೆ ಸೀಮೆಯ ಒಂದು ಚಿಕ್ಕ ವಿಶ್ವವಿದ್ಯಾಲಯದ ಊರು. ಮೊದಲು ಅಲ್ಲಿಗೆ ಬಂದವನು ಫ್ರೀಡ್ರಿಖ್ ಆಲ್ಬರ್ಟ್ ಲಾಂಗೆ. ಅದಕ್ಕೂ ಮುಂಚೆ ಡ್ಯೂಸ್‌ಬುರ್ಗ್‌ನಲ್ಲಿ ಮೇಷ್ಟ್ರು, ಪತ್ರಕರ್ತ, ಕಾರ್ಮಿಕ ಸಂಘಗಳ ಕಾರ್ಯಕರ್ತ ಎಲ್ಲ ಆಗಿದ್ದ. 1865ರಲ್ಲಿ ಕಾರ್ಮಿಕರ ಸಮಸ್ಯೆಯ ಬಗ್ಗೆ ಪುಸ್ತಕ ಬರೆದ. 1875ರಲ್ಲಿ ತೀರಿಕೊಂಡ. ಮರುವರ್ಷ ಅವನ ಪೀಠಕ್ಕೆ ಬಂದವನು ಹರ್ಮನ್ ಕೋಹೆನ್. ಕೋಹೆನ್ ಜೊತೆಗೆ ಪೌಲ್ ನಾಟೋರ್ಪ್ ಸೇರಿದ. ಇವರ ಸುತ್ತ ಬೆಳೆದ ಗುಂಪಿಗೆ ನವಕಾಂಟ್‌ವಾದಿಗಳು ಎಂಬ ಹೆಸರು ಬಂತು. ಗಣಿತ, ವಿಜ್ಞಾನದ ತತ್ವ ಇವರ ಮುಖ್ಯ ಕೆಲಸವಾಗಿತ್ತು. ನೀತಿ ಮತ್ತು ಸಮಾಜವಾದ ಅದರ ಇನ್ನೊಂದು ಕವಲು.

ಕೋಹೆನ್ ವಾದವನ್ನು ಸರಳವಾಗಿ ಹೇಳ್ತೀರಾ?

1896ರಲ್ಲಿ, ಲಾಂಗೆಯ ಹಳೆಯ ಪುಸ್ತಕವೊಂದರ ಹೊಸ ಮುದ್ರಣಕ್ಕೆ ಬರೆದ ಮಾತುಗಳಲ್ಲಿ, ಜರ್ಮನ್ ಸಮಾಜವಾದದ ನಿಜವಾದ ಮೂಲಪುರುಷ ಕಾಂಟ್ ಎಂದು ಕೋಹೆನ್ ಹೇಳಿಬಿಟ್ಟ. ಮಾರ್ಕ್ಸ್ ಅಲ್ಲ, ಕಾಂಟ್! ಕಾರ್ಮಿಕರ ಪಕ್ಷದವರಿಗೂ ಇದು ರುಚಿಸಲಿಲ್ಲ, ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯದ ಅಧಿಕಾರಿಗಳಿಗಂತೂ ರುಚಿಸುವುದು ದೂರದ ಮಾತು.

ವಾದದ ನಡೆ ಹೀಗಿದೆ. ಮನುಷ್ಯ ಗುರಿ, ಬರೀ ಸಾಧನ ಅಲ್ಲ. ಇದನ್ನು ಮನೆಯಲ್ಲಿ, ಬೀದಿಯಲ್ಲಿ ಒಬ್ಬೊಬ್ಬರೂ ಪಾಲಿಸಿದರೆ ಸಾಕಾ? ಸಾಲದು. ದುಡಿಮೆಯನ್ನು ಸರಕಿನಂತೆ ಕೊಳ್ಳುವ ವ್ಯವಸ್ಥೆಯಲ್ಲಿ ಮಾಲೀಕ ಎಷ್ಟೇ ಒಳ್ಳೆಯವನಾಗಿದ್ದರೂ ಕಾರ್ಮಿಕ ಖರ್ಚಿನ ಪಟ್ಟಿಯ ಒಂದು ಸಾಲು. ತಪ್ಪು ಮಾಲೀಕನ ಗುಣದಲ್ಲಿಲ್ಲ, ವ್ಯವಸ್ಥೆಯ ರಚನೆಯಲ್ಲಿದೆ. ಹಾಗಾಗಿ ನೀತಿ ಕಾನೂನಿನೊಳಗೆ, ಆರ್ಥಿಕ ಸಂಸ್ಥೆಗಳೊಳಗೆ ಇಳಿಯಬೇಕು.

1904ರ ನೀತಿಶಾಸ್ತ್ರದಲ್ಲಿ ಅವನು ಸಹಕಾರ ಸಂಘದ ಮಾದರಿ ಕೊಡುತ್ತಾನೆ. ಸಂಘದಲ್ಲಿ ಹಲವರ ಇಚ್ಛೆ ಸೇರಿ ಒಂದು ಹೊಸ ಇಚ್ಛೆ ಹುಟ್ಟುತ್ತದೆ, ಆದರೆ ಯಾರೂ ಅದರಲ್ಲಿ ಕರಗಿಹೋಗುವುದಿಲ್ಲ. ಸೊಸೈಟಿ ಚುನಾವಣೆಯ ಗಲಾಟೆ ಕಂಡವರಿಗೆ ಇದು ಸ್ವಲ್ಪ ಹೆಚ್ಚೇ ಸುಂದರವಾಗಿ ಕಾಣಬಹುದು. ಅವನು ಹೇಳುತ್ತಿರುವುದು ತತ್ವ ಅನ್ನುವುದು ನೆನಪಿರಲಿ.

ಕೋಹೆನ್ ಯಹೂದಿ ಅಂತ ಓದಿದೆ. ಅದಕ್ಕೂ ಈ ವಿಚಾರಕ್ಕೂ ಸಂಬಂಧ ಇದೆಯಾ?

ಇದೆ. ಬಡವನ ಪರವಾಗಿ ರಾಜನ ಮುಖಕ್ಕೇ ಮಾತಾಡಿದ ಹೀಬ್ರೂ ಪ್ರವಾದಿಗಳನ್ನು ಅವನು ಸಾಮಾಜಿಕ ನೀತಿಯ ಮೂಲ ಎಂದು ನೋಡಿದ. ಆಳಿಗೂ ವಾರಕ್ಕೊಂದು ದಿನ ಬಿಡುವು ಕೊಡುವ ಸಬ್ಬತ್ ಅವನಿಗೆ ಬರೀ ಆಚರಣೆ ಆಗಿರಲಿಲ್ಲ. ಬೆಲೆ ತೆತ್ತದ್ದೂ ಉಂಟು. 1888ರಲ್ಲಿ ಮಾರ್ಬುರ್ಗ್‌ನಲ್ಲಿ ಒಬ್ಬ ಶಾಲಾ ಮೇಷ್ಟ್ರು, ಯಹೂದಿಗಳ ಧರ್ಮಗ್ರಂಥ ಬೇರೆಯವರನ್ನು ಮೋಸ ಮಾಡಲು ಬಿಡುತ್ತದೆ ಎಂದು ಅಪಪ್ರಚಾರ ಮಾಡಿ ಕೋರ್ಟಿಗೆ ಬಂದ. ಕೋಹೆನ್ ತಜ್ಞನಾಗಿ ಹೇಳಿಕೆ ಕೊಟ್ಟ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಪರಕೀಯನಿಗೂ ಸಲ್ಲುತ್ತದೆ ಎಂದು ವಾದಿಸಿದ. ‘ಎಲ್ಲರೂ’ ಅನ್ನುವ ಪದದಲ್ಲಿ ನಿಜವಾಗಿ ಎಲ್ಲರೂ ಇರಬೇಕು ಎಂಬ ಹಟ ಅವನಿಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ.

ಇವರೆಲ್ಲ ಕುರ್ಚಿ ಮೇಲೆ ಕೂತು ಮಾತಾಡಿದವರು ತಾನೇ? ಕೆಲಸ ಏನಾದ್ರೂ ಮಾಡಿದ್ರಾ?

ಆ ಕಾಲದಲ್ಲಿ ಮಾತಾಡುವುದೇ ಅಪಾಯವಾಗಿತ್ತು. 1878ರಿಂದ 1890ರವರೆಗೆ ಸಮಾಜವಾದಿ ಸಂಘಟನೆಗಳ ಮೇಲೆ ನಿಷೇಧ ಇತ್ತು. ಅದು ಹೋದ ಮೇಲೂ, ಪಕ್ಷದ ಸದಸ್ಯ ಎಂಬ ಕಾರಣಕ್ಕೆ ಲಿಯೋ ಆರೋನ್ಸ್ ಎಂಬ ಭೌತವಿಜ್ಞಾನಿಯ ಪಾಠ ಹೇಳುವ ಹಕ್ಕನ್ನು ಕಿತ್ತುಕೊಳ್ಳಲು ಪ್ರಷ್ಯದಲ್ಲಿ ಒಂದು ಕಾನೂನನ್ನೇ ಮಾಡಿದರು. ಹಾಗಾಗಿ ಫ್ರಾಂಟ್ಸ್ ಶ್ಟೌಡಿಂಗರ್ ಮಾರುಹೆಸರಿನಲ್ಲಿ ಬರೆಯುತ್ತಿದ್ದ. ಅವನು ಗ್ರಾಹಕರ ಸಹಕಾರ ಸಂಘಗಳಿಗಾಗಿ ದುಡಿದವನು. ಕಾಂಟ್ ಮತ್ತು ಮಾರ್ಕ್ಸ್‌ನನ್ನು ಜೋಡಿಸಲು ಬದುಕಿಡೀ ಹೆಣಗಿದ ಕಾರ್ಲ್ ಫೊರ್ಲೆಂಡರ್ ಜೋಲಿಂಗನ್‌ನಲ್ಲಿ ಹೈಸ್ಕೂಲು ಮೇಷ್ಟ್ರು. ನಾಟೋರ್ಪ್ ಶಿಕ್ಷಣದ ಕಡೆ ಹೊರಳಿದ. ಮನುಷ್ಯ ಮನುಷ್ಯನಾಗುವುದು ಸಮುದಾಯದಲ್ಲಿ ಮಾತ್ರ ಎಂದು 1899ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ.

ಬೀದಿಗೆ ಇಳಿದವನು ಬೇಕು ಅಂದರೆ ಕುರ್ಟ್ ಐಸ್ನರ್ ಇದ್ದಾನೆ. ಮಾರ್ಬುರ್ಗ್‌ನಲ್ಲಿ ಪತ್ರಕರ್ತನಾಗಿದ್ದಾಗ ಕೋಹೆನ್ ಪ್ರಭಾವಕ್ಕೆ ಬಿದ್ದವನು. 1918ರ ನವೆಂಬರ್ 7ರಂದು ಮ್ಯೂನಿಕ್‌ನಲ್ಲಿ ಜನರ ಮುಂದೆ ನಿಂತು ಬವೇರಿಯಾದ ರಾಜಮನೆತನವನ್ನು ಇಳಿಸಿದ. ಪ್ರಧಾನಿಯಾದ. ಎರಡು ತಿಂಗಳಲ್ಲಿ ಚುನಾವಣೆ ನಡೆದು ಅವನ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಸ್ಥಾನ. 1919ರ ಫೆಬ್ರುವರಿ 21ರಂದು ರಾಜೀನಾಮೆ ಕೊಡಲು ಶಾಸನಸಭೆಗೆ ನಡೆದು ಹೋಗುವಾಗ ಒಬ್ಬ ಬಲಪಂಥೀಯ ತರುಣ ಗುಂಡಿಟ್ಟು ಕೊಂದ.

## ಪಕ್ಷದೊಳಗಿನ ಜಗಳ

ಬರ್ನ್‌ಸ್ಟೈನ್ ಮಾಡಿದ ತಪ್ಪಾದ್ರೂ ಏನು? ಎಲ್ಲರೂ ಅವನನ್ನ ಬೈತಾರೆ.

ಎಡುಆರ್ಡ್ ಬರ್ನ್‌ಸ್ಟೈನ್ ಬ್ಯಾಂಕ್ ಗುಮಾಸ್ತನಾಗಿ ಶುರುಮಾಡಿದವನು. ಲಂಡನ್‌ನಲ್ಲಿ ದೇಶಭ್ರಷ್ಟನಾಗಿದ್ದ, ಏಂಗೆಲ್ಸ್‌ಗೆ ತುಂಬ ಹತ್ತಿರದವನು. ಅಂಥವನೇ, ಮಾರ್ಕ್ಸ್ ಹೇಳಿದ ಕುಸಿತ ಕಾಣುತ್ತಿಲ್ಲ, ಸಣ್ಣ ಮಾಲೀಕರು ಮಾಯವಾಗುತ್ತಿಲ್ಲ ಎಂದು 1899ರಲ್ಲಿ ಪುಸ್ತಕ ಬರೆದ. ಕುಸಿತ ಬರುವುದಿಲ್ಲ ಅಂದರೆ ಸಮಾಜವಾದ ಯಾಕೆ ಬೇಕು? ಅದು ನ್ಯಾಯ, ಅದಕ್ಕೇ ಬೇಕು. ಅಂತಿಮ ಗುರಿ ಎನ್ನುವುದು ನನಗೆ ಏನೂ ಅಲ್ಲ, ಚಳವಳಿಯೇ ಎಲ್ಲ ಎಂದೂ ಹೇಳಿದ. ಇದೊಂದು ಮಾತು ಅವನ ಬೆನ್ನು ಬಿಡಲಿಲ್ಲ. ಕೊನೆಯ ಅಧ್ಯಾಯದ ತಲೆಗೆ ಒಂದು ಶ್ಲೇಷೆ ಇಟ್ಟ. ಇಂಗ್ಲಿಷಿನಲ್ಲಿ ‘ಕ್ಯಾಂಟ್’ ಅಂದರೆ ಬೂಟಾಟಿಕೆಯ ಮಾತು. ಆ ‘ಕ್ಯಾಂಟ್’ ವಿರುದ್ಧ ಕಾಂಟ್!

ಪಕ್ಷದ ಕಾರ್ಯದರ್ಶಿ ಇಗ್ನಾಟ್ಸ್ ಔಅರ್ ಅವನಿಗೆ ಬರೆದ ಬುದ್ಧಿಮಾತು ಪ್ರಸಿದ್ಧ: ಇಂಥದ್ದನ್ನು ಮಾಡಬೇಕು, ಹೇಳಬಾರದು. ಪಕ್ಷ ಆಗಲೇ ಸುಧಾರಣೆಯ ದಾರಿಯಲ್ಲಿತ್ತು, ಭಾಷಣ ಮಾತ್ರ ಕ್ರಾಂತಿಯದು. 1903ರ ಡ್ರೆಸ್ಡನ್ ಸಮಾವೇಶ ಬರ್ನ್‌ಸ್ಟೈನ್ ದಾರಿಯನ್ನು ಖಂಡಿಸಿತು. ಆಮೇಲೂ ಪಕ್ಷ ಅದೇ ದಾರಿಯಲ್ಲಿ ನಡೆಯಿತು.

ಕೌಟ್ಸ್ಕಿ, ರೋಸಾ ಲುಕ್ಸೆಂಬುರ್ಗ್ ಏನಂದ್ರು?

ನ್ಯಾಯ ಎನ್ನುವುದು ಲೋಕವನ್ನು ತಿದ್ದಹೊರಟವರೆಲ್ಲ ಹತ್ತಿ ದಣಿಸಿದ ಮುದಿ ಕುದುರೆ ಎಂದು ಪಕ್ಷದ ಕ್ರಾಂತಿಕಾರಿ ಬಣದ ರೋಸಾ ನಕ್ಕಳು. ಅವಳ ಭಯ ಮಾತ್ರ ನಗುವಂಥದ್ದಲ್ಲ. ಆರ್ಥಿಕ ಕಾರಣವನ್ನು ಕೈಬಿಟ್ಟರೆ ಸಮಾಜವಾದ ಬರೀ ಒಳ್ಳೆಯ ಆಸೆಯಾಗಿ ಉಳಿಯುತ್ತದೆ ಎನ್ನುವುದು ಅವಳ ವಾದ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಪಕ್ಷದ ಮುಖ್ಯ ಸಿದ್ಧಾಂತಿ ಕಾರ್ಲ್ ಕೌಟ್ಸ್ಕಿ 1906ರಲ್ಲಿ ಡಾರ್ವಿನ್ ದಾರಿ ಹಿಡಿದ. ಗುಂಪಿನಲ್ಲಿ ಬದುಕುವ ಪ್ರಾಣಿಗಳಿಗೆ ಇರುವ ಸಹಾಯದ ಹುಟ್ಟುಗುಣವೇ ನೀತಿಯ ಬೇರು, ಆಕಾಶದಿಂದ ಇಳಿದದ್ದೇನೂ ಇಲ್ಲ ಎಂದ. ನೀತಿ ಎಲ್ಲಿಂದ ಬಂತು ಎನ್ನುವುದಕ್ಕೆ ಇದು ಉತ್ತರ. ಮುಷ್ಕರದ ಬಾಗಿಲಲ್ಲಿ ನಿಂತವನಲ್ಲಿ ಎರಡು ಹುಟ್ಟುಗುಣಗಳು ಜಗಳವಾಡಿದಾಗ ಯಾವುದರ ಮಾತು ಕೇಳಬೇಕು ಎನ್ನುವುದಕ್ಕೆ ಅಲ್ಲ.

1914ರಲ್ಲಿ ಈ ನೀತಿವಂತರೆಲ್ಲ ಎಲ್ಲಿ ಹೋಗಿದ್ರು?

ಚುಚ್ಚುವ ಪ್ರಶ್ನೆ, ಚುಚ್ಚಲೇಬೇಕು. ಮೊದಲ ಮಹಾಯುದ್ಧ ಶುರುವಾದ ವರ್ಷ ಅದು. ಕೋಹೆನ್, ನಾಟೋರ್ಪ್ ಇಬ್ಬರೂ ಜರ್ಮನಿಯ ಯುದ್ಧವನ್ನು ಬೆಂಬಲಿಸಿ ಬರೆದರು. ಯಾರನ್ನೂ ಬರೀ ಸಾಧನವಾಗಿ ನೋಡಬಾರದು ಎಂದವರು ಕಂದಕಗಳಿಗೆ ಹೋದ ಹುಡುಗರ ಬಗ್ಗೆ ಬೇರೆ ಭಾಷೆ ಮಾತಾಡಿದರು. ಐಸ್ನರ್ ಕೂಡ ಮೊದಲು ಸರ್ಕಾರದ ಮಾತು ನಂಬಿದ್ದ, ಬೇಗ ತಿರುಗಿ ಬಿದ್ದ, 1918ರ ಜನವರಿ ಮುಷ್ಕರಕ್ಕಾಗಿ ಜೈಲು ಸೇರಿದ. ಬರ್ನ್‌ಸ್ಟೈನ್ ಯುದ್ಧಕ್ಕಾಗಿ ಸರ್ಕಾರ ಸಾಲ ಎತ್ತುವುದರ ಪರ ಇದ್ದವನು ವಿರೋಧಕ್ಕೆ ಬಂದ. 1915ರಲ್ಲಿ ತನ್ನನ್ನು ಅಷ್ಟು ಜರೆದಿದ್ದ ಕೌಟ್ಸ್ಕಿಯ ಜೊತೆಗೇ ಯುದ್ಧವಿರೋಧಿ ಹೇಳಿಕೆಗೆ ಸಹಿ ಹಾಕಿದ. ಯಾವ ಸಿದ್ಧಾಂತದವರು ಯಾವ ಕಡೆ ನಿಂತರು ಎಂದು ಪಟ್ಟಿ ಮಾಡಲು ಹೋದರೆ ಗೆರೆ ನೇರವಾಗಿ ಬರುವುದಿಲ್ಲ.

## ಆಮೇಲೆ ಏನಾಯಿತು?

ಮಾಂಸ ತಿನ್ನದ, ಕುಡಿಯದ ಸಮಾಜವಾದಿಗಳು ಇದ್ರಂತೆ ಜರ್ಮನಿಯಲ್ಲಿ. ಕಟ್ಟುಕತೆನಾ?

ಕಟ್ಟುಕತೆ ಅಲ್ಲ. ಗಟ್ಟಿಂಗನ್‌ನ ತತ್ವಜ್ಞಾನಿ ಲಿಯೊನಾರ್ಡ್ ನೆಲ್ಸನ್ (1882–1927) ಕಟ್ಟಿದ ಗುಂಪು ಅದು. ಅವನೂ ಕಾಂಟ್ ದಾರಿಯವನೇ, ಆದರೆ ಮಾರ್ಬುರ್ಗ್‌ನವರಿಗೆ ಬದ್ಧವಿರೋಧಿ. ನೀತಿ ಅಂದಮೇಲೆ ಅದು ದಿನದ ಊಟದಲ್ಲೂ ಕಾಣಬೇಕು ಎಂದ. ಪ್ರಾಣಿಗಳಿಗೂ ಹಿತ ಇದೆ, ಹಾಗಾಗಿ ಮಾಂಸ ಬೇಡ. ಬುದ್ಧಿ ಮಂಕಾಗಬಾರದು, ಹಾಗಾಗಿ ಮದ್ಯ ಬೇಡ. ಚರ್ಚಿನ ಸದಸ್ಯತ್ವ ಬಿಡಬೇಕು. ಮೆಲ್ಸುಂಗನ್ ಹತ್ತಿರ ಒಂದು ಶಾಲೆಯನ್ನೂ ನಡೆಸಿದರು.

ಅವನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಬಹುಮತದಿಂದ ಸತ್ಯ ಸಿಗುವುದಿಲ್ಲ, ತರಬೇತಾದ ನಾಯಕರು ಆಳಲಿ ಎಂದು ಅವನು ನಂಬಿದ್ದ. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1925ರಲ್ಲಿ ಈ ಗುಂಪನ್ನು ಹೊರಹಾಕಿತು.

ಆದರೆ ಹಿಟ್ಲರ್ ಬಂದಾಗ ಈ ಪುಟ್ಟ ಗುಂಪು ತೋರಿದ ಧೈರ್ಯ ದೊಡ್ಡ ಪಕ್ಷಗಳಿಗೂ ಇರಲಿಲ್ಲ. 1932ರಲ್ಲೇ, ಎಡಪಕ್ಷಗಳು ಒಂದಾಗಿ ಎಂದು ತುರ್ತು ಮನವಿ ಹೊರಡಿಸಿದರು. ಐನ್‌ಸ್ಟೈನ್, ಚಿತ್ರ ಕಲಾವಿದೆ ಕೇಟೆ ಕೋಲ್ವಿಟ್ಸ್ ಅದಕ್ಕೆ ಸಹಿ ಹಾಕಿದ್ದರು. ಪಕ್ಷಗಳು ಕೇಳಲಿಲ್ಲ. ಆಮೇಲೆ ಭೂಗತರಾಗಿ ಹಲವು ಊರುಗಳಲ್ಲಿ ಸಸ್ಯಾಹಾರಿ ಹೋಟೆಲು ತೆರೆದರು. ಮುಂದೆ ಊಟ, ಹಿಂದೆ ಗುಪ್ತಸಭೆ. ಲಾಭದ ದುಡ್ಡು ಕರಪತ್ರಕ್ಕೆ. 1935ರಲ್ಲಿ ಫ್ರಾಂಕ್‌ಫರ್ಟ್ ಕಡೆಯ ಹೊಸ ಹೆದ್ದಾರಿಯನ್ನು ಹಿಟ್ಲರ್ ಉದ್ಘಾಟಿಸುವ ಮುನ್ನ ರಸ್ತೆ ಮೇಲೆ ಅವನ ವಿರುದ್ಧ ಘೋಷಣೆ ಬರೆದಿಟ್ಟರು.

ಗೋಡೆಸ್‌ಬರ್ಗ್ ಕಾರ್ಯಕ್ರಮದಲ್ಲಿ ಕಾಂಟ್ ಇದ್ದಾನಾ?

ಹೆಸರಿಲ್ಲ, ನೆರಳಿದೆ. 1959ರ ನವೆಂಬರ್‌ನಲ್ಲಿ ಬಾನ್ ಪಕ್ಕದ ಬಾಡ್ ಗೋಡೆಸ್‌ಬರ್ಗ್‌ನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹೊಸ ಕಾರ್ಯಕ್ರಮ ಒಪ್ಪಿತು. ಪರ 324, ವಿರುದ್ಧ 16. ಇತಿಹಾಸ ಗೆಲ್ಲಿಸುತ್ತದೆ ಎಂಬ ಮಾತು ಹೋಯಿತು. ಸ್ವಾತಂತ್ರ್ಯ, ನ್ಯಾಯ, ಒಗ್ಗಟ್ಟು ಎಂಬ ಮೂರು ಮೌಲ್ಯ ಬಂದವು. ಯುರೋಪಿನ ಪ್ರಜಾಸತ್ತಾತ್ಮಕ ಸಮಾಜವಾದದ ಬೇರು ಕ್ರೈಸ್ತ ನೀತಿ, ಮಾನವತಾವಾದ ಮತ್ತು ಶಾಸ್ತ್ರೀಯ ತತ್ವಶಾಸ್ತ್ರದಲ್ಲಿದೆ ಎಂದು ಬರೆದರು. ಕರಡು ಸಮಿತಿಯ ಮುಂದಾಳು ವಿಲ್ಲಿ ಐಖ್ಲರ್. ಅವನು ಯಾರು ಗೊತ್ತಾ? ಒಂದು ಕಾಲದಲ್ಲಿ ನೆಲ್ಸನ್‌ನ ಕಾರ್ಯದರ್ಶಿ. ಹೊರದಬ್ಬಿಸಿಕೊಂಡ ಗುಂಪಿನವನೇ ಮೂವತ್ತು ಚಿಲ್ಲರೆ ವರ್ಷದ ಮೇಲೆ ಪಕ್ಷದ ಭಾಷೆಯನ್ನು ಬರೆದ.

ಬೆಲೆಯೂ ತೆರಬೇಕಾಯಿತು. ಮಾರುಕಟ್ಟೆಯನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳುವ ಮಾತೂ ಅದೇ ಕಾರ್ಯಕ್ರಮದಲ್ಲಿದೆ. ಮೌಲ್ಯಗಳು ಉಳಿದವು, ಸಮಾಜವಾದ ತೆಳುವಾಯಿತು ಎನ್ನುವವರ ಮಾತಿನಲ್ಲೂ ಹುರುಳಿದೆ.

## ಗಂಟು ಬಿಡಿಸಲು ಕಷ್ಟವಾದವು

ಕೆಲಸಗಾರ ಒಪ್ಪಿಕೊಂಡೇ ಬಂದಿದ್ದಾನಲ್ಲ? ಒಪ್ಪಿದ ಮೇಲೆ ಅವನನ್ನ ‘ಬರೀ ಸಾಧನ’ ಮಾಡಿದ್ದೀವಿ ಅನ್ನೋದು ಹೇಗೆ?

ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಗಟ್ಟಿ. ಕಾಂಟ್‌ನ ಇದೇ ವಾಕ್ಯವನ್ನು ಹಿಡಿದು ಮುಕ್ತ ಮಾರುಕಟ್ಟೆಯನ್ನು ಸಮರ್ಥಿಸುವವರೂ ಇದ್ದಾರೆ. ಒಪ್ಪಂದ ಮಾಡಿಕೊಂಡರೆ ಗೌರವಿಸಿದ ಹಾಗೆ, ಬಲವಂತವಾಗಿ ತೆರಿಗೆ ಕಿತ್ತರೆ ಸಾಧನವಾಗಿ ಬಳಸಿದ ಹಾಗೆ ಎಂದು ಅವರ ವಾದ.

ನವಕಾಂಟ್‌ವಾದಿಗಳ ಕಡೆಯಿಂದ ಎರಡು ಉತ್ತರ ಕಟ್ಟಬಹುದು. ಒಂದನೆಯದು ಫಿಖ್ಟೆಯಿಂದ: ಬೇರೆ ದಾರಿಯೇ ಇಲ್ಲದವನ ಒಪ್ಪಿಗೆಗೆ ಎಷ್ಟು ತೂಕ? ಉಪವಾಸವೋ ಕೂಲಿಯೋ ಎಂದು ಕೇಳಿ ಪಡೆದ ‘ಹೂಂ’ ಅದು. ಎರಡನೆಯದು ಕೋಹೆನ್ ಕಡೆಯಿಂದ: ಕೆಲಸಕ್ಕೆ ಸೇರುವಾಗ ಒಪ್ಪಿದ, ಸರಿ. ಸೇರಿದ ಮೇಲೆ ಏನು ತಯಾರಿಸಬೇಕು, ಎಷ್ಟು ಹೊತ್ತು ದುಡಿಯಬೇಕು, ಯಾರನ್ನು ತೆಗೆಯಬೇಕು ಎನ್ನುವುದರಲ್ಲಿ ಅವನಿಗೆ ಮಾತೇ ಇಲ್ಲ. ದಿನದ ದೊಡ್ಡ ಭಾಗವನ್ನು ಆಳುವ ನಿಯಮವನ್ನು ಮಾಡುವುದರಲ್ಲಿ ಪಾಲಿಲ್ಲದವನು ಅಲ್ಲಿ ಗುರಿಯಾಗಿ ಉಳಿದಿದ್ದಾನೆಯೇ?

ಈ ಎರಡನೇ ಉತ್ತರ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ. ಯಾಕೆಂದರೆ ಒಳ್ಳೆಯ ಸಂಬಳ ಬಂದರೂ ಅದು ಉಳಿಯುತ್ತದೆ. ಪಶ್ಚಿಮ ಜರ್ಮನಿ 1951ರಲ್ಲಿ ಕಲ್ಲಿದ್ದಲು, ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕಾರ್ಮಿಕರ ಕಡೆಗೆ ಕೊಟ್ಟಿತು. 1976ರ ಕಾನೂನು 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗೆ ಸ್ವಲ್ಪ ಸಡಿಲಾದ ರೂಪದಲ್ಲಿ ಇದನ್ನು ತಂದಿತು. ಆಸ್ತಿ ಮಾಲೀಕರದ್ದೇ, ನಿಯಮ ಮಾಡುವುದರಲ್ಲಿ ಪಾಲು ಇಬ್ಬರದೂ. ಕೋಹೆನ್ ಕೇಳಿದ್ದು ಇಷ್ಟೇ ಆಗಿತ್ತಾ? ಇಷ್ಟೇ ಅಲ್ಲ ಎಂದೇ ನನಗನ್ನಿಸುತ್ತದೆ.

ಒಂದು ಮಾತು ಸೇರಿಸಬೇಕು. ಈ ಕತ್ತಿಗೆ ಎರಡೂ ಕಡೆ ಅಲಗು. ಯೋಜನೆಯ ಹೆಸರಲ್ಲಿ, ನಾಳಿನ ಸ್ವರ್ಗದ ಹೆಸರಲ್ಲಿ ಇವತ್ತಿನ ಮನುಷ್ಯರನ್ನು ತೇಯುವ ಪಕ್ಷಕ್ಕೂ ಅದೇ ವಾಕ್ಯ ಅಡ್ಡ ಬರುತ್ತದೆ.

ಫ್ರಾಂಕ್‌ಫರ್ಟ್‌ನವರು ಈ ದಾರಿಯನ್ನ ಮುಂದುವರಿಸಿದ್ರಾ?

ಫ್ರಾಂಕ್‌ಫರ್ಟ್‌ನವರು ಅಂದರೆ ಅಲ್ಲಿನ ಸಾಮಾಜಿಕ ಸಂಶೋಧನಾ ಸಂಸ್ಥೆಯ ಸುತ್ತ ಬೆಳೆದ ಚಿಂತಕರ ಗುಂಪು. ಅವರು ಬೇರೆ ಬಾಗಿಲಿನಿಂದ ಬಂದರು. 1933ರಲ್ಲಿ ಮ್ಯಾಕ್ಸ್ ಹೋರ್ಕ್‌ಹೈಮರ್, ನೀತಿಗೆ ಕಾಲಾತೀತ ಬುನಾದಿ ಹುಡುಕುವುದು ವ್ಯರ್ಥ, ಆದರೆ ನರಳುವವರ ಮೇಲಿನ ಕನಿಕರವನ್ನು ಬಿಡಲಾಗದು ಎಂದು ಬರೆದ. ಹಾಬರ್‌ಮಾಸ್ ಕಾಂಟ್‌ಗೆ ಹೆಚ್ಚು ಹತ್ತಿರ: ಒಂದು ನಿಯಮ ತಟ್ಟುವ ಎಲ್ಲರೂ ಕೂತು ಚರ್ಚಿಸಿ ಒಪ್ಪಬಹುದಾದರೆ ಮಾತ್ರ ಅದು ಸರಿ. 2015ರಲ್ಲಿ ಆಕ್ಸೆಲ್ ಹೊನೆಟ್ ಹೆಗೆಲ್ ಕಡೆಗೆ ತಿರುಗಿ ಸಮಾಜವಾದವನ್ನು ‘ಸಾಮಾಜಿಕ ಸ್ವಾತಂತ್ರ್ಯ’ ಎಂದು ವಿವರಿಸಿದರು. ಒಬ್ಬರ ಸ್ವಾತಂತ್ರ್ಯಕ್ಕೆ ಇನ್ನೊಬ್ಬರು ಬೇಲಿಯಲ್ಲ, ಆಸರೆ.

ಲೋಹಿಯಾ ಬರ್ಲಿನ್‌ನಲ್ಲಿ ಓದಿದವರು. ಅವರಿಗೂ ಈ ಜರ್ಮನ್ನರಿಗೂ ನಂಟು ಇದೆಯಾ?

ರಾಮಮನೋಹರ ಲೋಹಿಯಾ 1929ರಲ್ಲಿ ಬರ್ಲಿನ್‌ಗೆ ಹೋಗಿ 1933ರಲ್ಲಿ ಡಾಕ್ಟರೇಟ್ ಜೊತೆ ಮರಳಿದರು. ವಿಷಯ ಉಪ್ಪಿನ ತೆರಿಗೆ. ಅವರು ಕೋಹೆನ್ ಶಿಷ್ಯರ ಶಿಷ್ಯ ಎಂದು ಗೆರೆ ಎಳೆಯಲು ನಾನು ಹೋಗುವುದಿಲ್ಲ. ಅವರಿಗೆ ನೀತಿಯ ಪಾಠ ಬಂದದ್ದು ಗಾಂಧಿಯಿಂದ. ಆದರೆ ಪ್ರಶ್ನೆ ಒಂದೇ. ಹೋರಾಟದ ಪ್ರತಿ ಹೆಜ್ಜೆಯೂ ಅಲ್ಲೇ, ಆಗಲೇ ಸರಿ ಅನ್ನಿಸಿಕೊಳ್ಳಬೇಕು, ಮುಂದೆ ಬರುವ ಫಲವನ್ನು ತೋರಿಸಿ ಇವತ್ತಿನ ಸುಳ್ಳು, ಕೊಲೆಯನ್ನು ಮನ್ನಿಸಬಾರದು ಎಂದು ಅವರು ಮಾರ್ಕ್ಸ್‌ವಾದಿಗಳೊಂದಿಗೆ ವಾದಿಸಿದರು. ‘ಆಗುತ್ತದೆ’ಯ ಕೈಗೆ ‘ಆಗಬೇಕು’ವನ್ನು ಒಪ್ಪಿಸಲು ಅವರೂ ತಯಾರಿರಲಿಲ್ಲ.

1951ರಲ್ಲಿ ಅವರು ಸಾಗರ ಸೀಮೆಯ ಕಾಗೋಡಿಗೆ ಬಂದರು, ಬಂಧನವೂ ಆಯಿತು. ಅಲ್ಲಿ ಗೇಣಿದಾರರ ತಕರಾರು ಶುರುವಾಗಿದ್ದು ಒಂದು ಅಳತೆಯಿಂದ. ಗೇಣಿ ಭತ್ತ ಅಳೆಯುವಾಗ ಒಡೆಯರು ತರುತ್ತಿದ್ದ ಕೊಳಗ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ರೈತರು ಕೇಳಿದರು.